ದುಂಡುಮೂಲೆಯ ಆಯತ: ಹೊರಗೆರೆಯೂ ನಿಯಮವೂ

ಗಣಕಯಂತ್ರದ ತೆರೆಯ ಮೇಲೆ ದುಂಡುಮೂಲೆಯ ಆಯತವೊಂದನ್ನು ಅಡ್ಡಲಾಗಿ ಹಿಗ್ಗಿಸಿದರೆ ಅದರ ಮೂಲೆಗಳು ಕೆಲವೊಮ್ಮೆ ವಿಕಾರಗೊಳ್ಳುತ್ತವೆ, ಕೆಲವೊಮ್ಮೆ ಯಥಾಸ್ಥಿತಿಯಲ್ಲಿ ಉಳಿಯುತ್ತವೆ. ಇದು ಚಿತ್ರಕಾರನ ಕೈಯ ಕುಂದೆಂದು ತಿಳಿಯುವವರುಂಟು. ಆದರೆ ವೆಕ್ಟರ್ ಚಿತ್ರಣದ ಇತಿಹಾಸವನ್ನು ಪರಿಶೀಲಿಸಿದರೆ, ಯಂತ್ರವು ಆಕೃತಿಯನ್ನು ಯಾವ ರೂಪದಲ್ಲಿ ನೆನಪಿಟ್ಟುಕೊಂಡಿದೆ ಎಂಬುದೇ ಇದಕ್ಕೆ ಮೂಲಕಾರಣವೆಂದು ವಿದಿತವಾಗುತ್ತದೆ. ಈ ಅಂಶವನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ವೆಕ್ಟರ್ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿಯಲ್ಲ; ಬಿಂದು, ರೇಖೆ, ವಕ್ರರೇಖೆಗಳನ್ನು ಸಂಖ್ಯೆಗಳಲ್ಲಿ ಹೇಳಿದ ವಿವರಣೆ. ಆದಕಾರಣ ಎಷ್ಟು ಹಿಗ್ಗಿಸಿದರೂ ಅದರ ಅಂಚು ಮಸುಕಾಗದು. ಆದರೆ ಮಸುಕಾಗದಿರುವುದು ಬೇರೆ, ವಿಕಾರವಾಗದಿರುವುದು ಬೇರೆ. 40 ಮಿ.ಮೀ. ಅಗಲ, 30 ಮಿ.ಮೀ. ಎತ್ತರದ ಆಯತವೊಂದರ ಮೂಲೆಗಳು 5 ಮಿ.ಮೀ. ತ್ರಿಜ್ಯದ ಕಾಲುವೃತ್ತಗಳೆಂದು ಭಾವಿಸೋಣ. ಅದರ ಎಲ್ಲ ಬಿಂದುಗಳ ಅಡ್ಡಳತೆಯನ್ನು ಮೂರರಿಂದ ಗುಣಿಸಿ ಅಗಲವನ್ನು 120 ಮಿ.ಮೀ.ಗೆ ಏರಿಸಿದರೆ, ಪ್ರತಿ ಮೂಲೆಯೂ 15 ಮತ್ತು 5 ಮಿ.ಮೀ. ಅರೆಯಕ್ಷಗಳುಳ್ಳ ದೀರ್ಘವೃತ್ತದ ಕಾಲುಭಾಗವಾಗುತ್ತದೆ. ಎಲ್ಲೆಡೆ 5 ಇದ್ದ ವಕ್ರತಾತ್ರಿಜ್ಯವು ಮೇಲಂಚನ್ನು ಕೂಡುವೆಡೆಯಲ್ಲಿ 45ಕ್ಕೆ ಏರಿ, ಪಕ್ಕದಂಚನ್ನು ಕೂಡುವೆಡೆಯಲ್ಲಿ ಸುಮಾರು 1.7ಕ್ಕೆ ಇಳಿಯುತ್ತದೆ. ಒಂದೆಡೆ ಚಪ್ಪಟೆ, ಇನ್ನೊಂದೆಡೆ ಚೂಪು.

ಈ ತೊಡಕಿಗೆ ಬೇಕಾದ ಮೂಲವಿಚಾರವು ಗಣಕಚಿತ್ರಣದ ಆರಂಭಕಾಲದಲ್ಲೇ ಇತ್ತೆಂಬುದು ಗಮನಾರ್ಹ. ಇವಾನ್ ಸದರ್ಲೆಂಡ್ ಅವರು 1963ರಲ್ಲಿ ಎಂ.ಐ.ಟಿ.ಗೆ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯು ಟಿಎಕ್ಸ್-2 ಗಣಕದಲ್ಲಿ ಬೆಳಕಿನ ಲೇಖನಿಯಿಂದ ನಡೆಯುತ್ತಿತ್ತು. ಎರಡು ಗೆರೆಗಳು ಸಮಾಂತರವಾಗಿರಲಿ, ಸಮಾನ ಉದ್ದವಾಗಿರಲಿ ಎಂದು ಅಲ್ಲಿ ವಿಧಿಸಬಹುದಾಗಿತ್ತು. ಚಿತ್ರ ಕದಲಿದರೂ ಯಂತ್ರವು ಆ ಕಟ್ಟಳೆಯನ್ನು ಕಾಪಾಡುತ್ತಿತ್ತು. ಎಂದರೆ ಗೆರೆಯೊಡನೆ ಅದರ ನಿಯಮವೂ ಯಂತ್ರದ ನೆನಪಿನಲ್ಲಿ ಇರುತ್ತಿತ್ತು.

ಮುಂದೆ ಈ ವಿದ್ಯೆ ಎರಡು ಕವಲಾಯಿತು. ಮೊದಲನೆಯದು ಬಿಲ್ ಅಟ್ಕಿನ್‌ಸನ್ ಅವರದು. ವರ್ಗಮೂಲದ ದೀರ್ಘಗಣಿತವನ್ನು ತಪ್ಪಿಸಿ, ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿದರೆ ಪೂರ್ಣವರ್ಗಗಳೇ ದೊರೆಯುತ್ತವೆ (1+3=4, 1+3+5=9) ಎಂಬ ಸರಳ ತತ್ತ್ವದಿಂದ ಅವರು ವೃತ್ತ ಮತ್ತು ಅಂಡಾಕೃತಿಗಳನ್ನು ಶೀಘ್ರವಾಗಿ ಬರೆಯಿಸಿದರು. 1981ರಲ್ಲಿ ಸ್ಟೀವ್ ಜಾಬ್ಸ್ ದುಂಡುಮೂಲೆಯ ಆಯತವೂ ಬೇಕೆಂದಾಗ ಅಟ್ಕಿನ್‌ಸನ್ ಅದರ ಅಗತ್ಯವನ್ನು ಒಪ್ಪಲಿಲ್ಲವೆಂದೂ, ಜಾಬ್ಸ್ ಅವರನ್ನು ಬೀದಿಗೆ ಕರೆದೊಯ್ದು ಫಲಕಗಳಲ್ಲಿಯೂ ಇತರ ವಸ್ತುಗಳಲ್ಲಿಯೂ ಆ ಆಕೃತಿಯನ್ನು ತೋರಿಸಿದರೆಂದೂ ಸಹೋದ್ಯೋಗಿ ಆಂಡಿ ಹರ್ಟ್ಜ್‌ಫೆಲ್ಡ್ ದಾಖಲಿಸಿದ್ದಾರೆ. ಹೀಗೆ ಸಿದ್ಧವಾಗಿ 1984ರ ಮ್ಯಾಕಿಂಟಾಷ್‌ನಲ್ಲಿ ಬಂದ ಕ್ವಿಕ್‌ಡ್ರಾ ಸಾಧನದ ಆಜ್ಞೆಯಲ್ಲಿ ಆಯತದ ಅಳತೆ ಬೇರೆ, ಮೂಲೆಯ ಅಂಡಾಕೃತಿಯ ಅಗಲ–ಎತ್ತರಗಳು ಬೇರೆ. ಆಯತ ಬೆಳೆದ ಮಾತ್ರಕ್ಕೆ ಮೂಲೆ ಕೆಡಬೇಕಾದ ಕಾರಣವಿರಲಿಲ್ಲ.

ಎರಡನೆಯ ಕವಲು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಿಂದ ಹೊರಟಿತು. ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿಯೂ ರೆನೊದ ಪಿಯೇರ್ ಬೆಜಿಯೆ 1960ರ ದಶಕದಲ್ಲಿಯೂ ರೂಪಿಸಿದ ವಕ್ರರೇಖೆಯು 1987ರ ಅಡೋಬಿ ಇಲ್ಲಸ್ಟ್ರೇಟರ್‌ಗೆ ಆಧಾರವಾಯಿತು. ಯಾವ ಬಾಗನ್ನಾದರೂ ಇದರಿಂದ ಬರೆಯಬಹುದು. ನಿಜವಾದ ವೃತ್ತವನ್ನು ಮಾತ್ರ ಬರೆಯಲಾಗದು, ಆದರೂ ಕಾಲುವೃತ್ತದಲ್ಲಿ ದೋಷ ತ್ರಿಜ್ಯದ 0.03 ಪ್ರತಿಶತವನ್ನು ಮೀರದು. ಬೆಲೆ ತೆತ್ತದ್ದು ಬೇರೆಡೆ: ಬರೆದು ಮುಗಿದ ಆಯತವು ಎಂಟು ಬಿಂದುಗಳ ಹೊರಗೆರೆಯಾಗಿ ಉಳಿಯಿತು, ‘ತ್ರಿಜ್ಯ 5’ ಎಂಬ ಸಂಕಲ್ಪ ಅದರಲ್ಲಿ ಉಳಿಯಲಿಲ್ಲ.

ಆಮೇಲಿನ ಇತಿಹಾಸವೆಲ್ಲ ಈ ಮರೆವಿಗೆ ಹುಡುಕಿದ ಪರಿಹಾರವೆಂದು ನಮಗೆ ತೋರುತ್ತದೆ. 2001ರಲ್ಲಿ ಅಂಗೀಕೃತವಾದ ಎಸ್‌ವಿಜಿ ವಿಧಾನವು ಮೂಲೆಯ ಎರಡು ತ್ರಿಜ್ಯಗಳನ್ನು ಆಯತದ ಗುಣಗಳಾಗಿಯೇ ದಾಖಲಿಸಿತು. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್, ಆಕೃತಿಯೊಡನೆ ತ್ರಿಜ್ಯವೂ ಬೆಳೆಯಬೇಕೋ ಬೇಡವೋ ಎಂಬ ಆಯ್ಕೆಯನ್ನು ಚಿತ್ರಕಾರನಿಗೇ ಬಿಟ್ಟಿತು. 2005ರ ಫ್ಲ್ಯಾಶ್ 8 ಆಕೃತಿಯನ್ನು ಒಂಬತ್ತು ತುಂಡುಗಳಾಗಿ ಭಾಗಿಸಿತು: ನಾಲ್ಕು ಮೂಲೆಗಳು ಅಚಲ, ನಾಲ್ಕು ಅಂಚುಗಳು ಒಂದೇ ದಿಕ್ಕಿಗೆ, ನಡುಭಾಗ ಎರಡೂ ದಿಕ್ಕಿಗೆ ಹಿಗ್ಗುತ್ತವೆ. ಮೇಲಿನ ಉದಾಹರಣೆಯಲ್ಲಿ 30 ಮಿ.ಮೀ. ನಡುಭಾಗವೊಂದೇ 110 ಆಗುತ್ತದೆ. ಕೊನೆಗೆ ಇಲ್ಲಸ್ಟ್ರೇಟರ್ ಕೂಡ 2014ರಲ್ಲಿ ‘ಜೀವಂತ ಮೂಲೆ’ಗಳನ್ನು ತಂದು, ಬರೆದ ಮೇಲೂ ತ್ರಿಜ್ಯವನ್ನು ತಿದ್ದುವ ಅವಕಾಶವಿತ್ತಿತು. ನಿಯಮಕ್ಕೂ ಮಿತಿಯುಂಟು. ಅಗಲವು ತ್ರಿಜ್ಯದ ಎರಡರಷ್ಟಕ್ಕಿಂತ ಕಡಿಮೆಯಾದರೆ ಮೂಲೆಗಳು ಒಂದನ್ನೊಂದು ಹಾಯುತ್ತವೆ. ಆದ್ದರಿಂದ ಎಸ್‌ವಿಜಿ ಆ ತ್ರಿಜ್ಯವನ್ನು ಅಗಲದ ಅರ್ಧಕ್ಕೆ ತಡೆಯುತ್ತದೆ.

ಇದು ಕೇವಲ ಅಂದದ ಪ್ರಶ್ನೆಯಲ್ಲ. ನಕ್ಷೆ, ಫಲಕ, ಪಠ್ಯಚಿತ್ರಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವಾಗ ಹಲವು ವೇಳೆ ಹೊರಗೆರೆಗಳಾಗಿ ಮಾರ್ಪಡುತ್ತವೆ. ಅಂದಿನ ರೂಪ ಉಳಿಯುತ್ತದೆ, ಅದನ್ನು ತಿದ್ದುವ ದಾರಿ ಮುಚ್ಚುತ್ತದೆ. ಮುಂದಿನವನು ಪ್ರತಿ ಮೂಲೆಯನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಆದುದರಿಂದ ಚಿತ್ರಗಳನ್ನು ಸಂರಕ್ಷಿಸುವವರು ಹೊರಗೆರೆಯ ಪ್ರತಿಯೊಡನೆ ನಿಯಮ ಉಳಿದಿರುವ ಮೂಲಪ್ರತಿಯನ್ನೂ ಕಾಯ್ದಿಡುವುದು ಉಚಿತವೆಂದು ನಮ್ಮ ಅಭಿಪ್ರಾಯ. 1963ರಲ್ಲಿಯೇ ಕಂಡಿದ್ದ ತತ್ತ್ವವು ಬಳಕೆಯ ಸಾಧನಗಳಿಗೆ ಪೂರ್ಣವಾಗಿ ಮರಳಲು ಅರ್ಧಶತಮಾನ ಹಿಡಿಯಿತೆಂಬುದು ಈ ಸಲಹೆಗೆ ಸಾಕಷ್ಟು ಪುಷ್ಟಿಯನ್ನು ಕೊಡುತ್ತದೆ.