ಲಸಿಕೆಯ ಬಲಾಬಲವಿಚಾರ: ದಂಡಿನ ಪಟ್ಟಿಯಿಂದ ಬೆಳ್ತಂಗಡಿಯ ಕಾಡಿನವರೆಗೆ

೧

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕು ಸಹ್ಯಾದ್ರಿಯ ಪಶ್ಚಿಮದ ತಪ್ಪಲಿನಲ್ಲಿ, ನೇತ್ರಾವತಿಯೂ ಅದರ ಉಪನದಿಗಳೂ ಹರಿಯುವ ಸೀಮೆಯಲ್ಲಿದೆ. ಬತ್ತದ ಗದ್ದೆ, ಅಡಕೆಯ ತೋಟ, ಅದರ ಬೆನ್ನಿಗೇ ಕಾಡು, ಇದು ಅಲ್ಲಿನ ನೆಲದ ಕ್ರಮ. ತೋಟಕ್ಕೆ ಸೊಪ್ಪು, ಹಟ್ಟಿಗೆ ತರಗೆಲೆ, ಒಲೆಗೆ ಸೌದೆ, ಇವೆಲ್ಲವೂ ಕಾಡಿನಿಂದಲೇ ಬರತಕ್ಕವು. ೧೯೮೨ನೆಯ ಇಸವಿಯ ಕೊನೆಯಲ್ಲಿ ಈ ತಾಲ್ಲೂಕಿನ ನಿಡ್ಲೆ, ಪಟ್ರಮೆ ಗ್ರಾಮಗಳ ಸುತ್ತಿನಲ್ಲಿ, ಗೇರುತೋಪನ್ನು ಎಬ್ಬಿಸುವುದಕ್ಕಾಗಿ ಕಾಡನ್ನು ಕಡಿದ ತರುವಾಯ, ಉಗ್ರವಾದ ಜ್ವರವೊಂದು ಹಬ್ಬಿತು. ೧೯೮೩ರ ಬೇಸಗೆ ಮುಗಿಯುವಷ್ಟರಲ್ಲಿ ಸಾವಿರಕ್ಕೂ ಮಿಕ್ಕ ಜನರು ಅದಕ್ಕೆ ತುತ್ತಾದರು. ನೂರಕ್ಕೂ ಮಿಕ್ಕ ಜನರು ಮಡಿದರು.

ಈ ರೋಗವು ಮಲೆನಾಡಿನಲ್ಲಿ ಮಂಗನ ಕಾಯಿಲೆಯೆಂದು ಪ್ರಸಿದ್ಧವಾದದ್ದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದುದರಿಂದ ವೈದ್ಯಗ್ರಂಥಗಳಲ್ಲಿ ಇದಕ್ಕೆ ಕ್ಯಾಸನೂರು ಕಾಡಿನ ರೋಗವೆಂದು ಹೆಸರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿದ್ವಾಂಸರು ಇದಕ್ಕೆ ಕಾರಣವಾದ ವೈರಸ್ಸನ್ನು ಬೇರ್ಪಡಿಸಿ, ಅದು ಕಾಡಿನ ಉಣುಗುಗಳಿಂದ ಹರಡುವುದೆಂದು ಸ್ಥಾಪಿಸಿದರು. ಮಂಗಗಳೂ ಮುಸುವಗಳೂ ಇದರಿಂದ ಸಾಯುತ್ತವೆ. ಸತ್ತ ಪ್ರಾಣಿಯಿಂದ ಕೆಳಗಿಳಿದ ಉಣುಗುಗಳು ಆ ಸ್ಥಳವನ್ನೇ ಅಪಾಯಕರವಾಗಿ ಮಾಡುತ್ತವೆ. ಮಳೆ ಹಿಂದಾದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ತರಗೆಲೆಯ ನಡುವೆ ಉಣುಗಿನ ಮರಿಗಳು ಹೆಚ್ಚುವ ಕಾಲದಲ್ಲಿಯೇ ಜನರೂ ಕಾಡಿಗೆ ಹೆಚ್ಚಾಗಿ ಹೋಗುವರು. ರೋಗವು ಒಬ್ಬ ಮನುಷ್ಯನಿಂದ ಮತ್ತೊಬ್ಬನಿಗೆ ಅಂಟತಕ್ಕದ್ದಲ್ಲ. ಕಾಡಿಗೆ ಹೋದವನಿಗೆ ತಗಲತಕ್ಕದ್ದು.

ಈ ರೋಗವನ್ನು ತಡೆಯುವುದಕ್ಕೆ ಒಂದು ಲಸಿಕೆಯು ಸಿದ್ಧವಾಯಿತು; ದಶಕಗಳ ಕಾಲ ಬಳಕೆಯಲ್ಲಿತ್ತು; ಕಡೆಗೆ ನಿಂತೂ ಹೋಯಿತು. ಅದು ಎಷ್ಟು ಮಂದಿಯನ್ನು ಕಾಯಿತು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳು ಒಂದನ್ನೊಂದು ಹೋಲುವುದಿಲ್ಲ. ಈ ಭೇದದ ಕಾರಣವನ್ನು ತಿಳಿಯಬೇಕಾದರೆ, ಲಸಿಕೆಯ ಬಲವನ್ನು ಅಳೆಯುವ ಕ್ರಮವು ಎಲ್ಲಿ, ಯಾರ ನಡುವೆ ಬೆಳೆದು ಬಂದಿತೆಂಬುದನ್ನು ಮೊದಲು ನೋಡುವುದು ಯುಕ್ತ. ಆ ಕ್ರಮವು ಬಹುಮಟ್ಟಿಗೆ ದಂಡಿನಲ್ಲಿ ರೂಪುಗೊಂಡದ್ದು.

೨

ಅಳತೆಯ ಸೂತ್ರವು ಸುಲಭವಾದದ್ದೇ. ಲಸಿಕೆ ಹಾಕಿಸಿಕೊಳ್ಳದ ನೂರು ಜನರಲ್ಲಿ ಹತ್ತು ಮಂದಿಗೆ ರೋಗ ಬಂದು, ಹಾಕಿಸಿಕೊಂಡ ನೂರು ಜನರಲ್ಲಿ ಇಬ್ಬರಿಗೆ ಬಂದರೆ, ಬರಬೇಕಾಗಿದ್ದ ಹತ್ತರಲ್ಲಿ ಎಂಟು ತಪ್ಪಿತು; ಆದಕಾರಣ ಲಸಿಕೆಯ ಬಲವು ಶೇಕಡ ೮೦. ಆದರೆ ಈ ಲೆಕ್ಕಕ್ಕೆ ರೋಗಿಗಳ ಸಂಖ್ಯೆಯೊಂದೇ ಸಾಲದು. ಎರಡು ಪಂಗಡಗಳಲ್ಲಿಯೂ ಒಟ್ಟು ಎಷ್ಟು ಜನರಿದ್ದರೆಂಬುದು ತಿಳಿದಿರಬೇಕು. ಆ ಎರಡು ಪಂಗಡಗಳು ವಯಸ್ಸು, ಆಹಾರ, ವಾಸ, ರೋಗದ ಸಂಪರ್ಕ ಇವುಗಳಲ್ಲಿ ಸಮಾನವಾಗಿರಬೇಕು. ಊರಿನಲ್ಲಿ ಇವೆರಡೂ ದುರ್ಲಭ, ದಂಡಿನಲ್ಲಿ ಸುಲಭ. ಸಿಪಾಯಿಯ ಹೆಸರು ಹಾಜರಿಪಟ್ಟಿಯಲ್ಲಿರುವುದು. ಅವನು ಆಸ್ಪತ್ರೆ ಸೇರಿದ ದಿನವೂ ಬರೆಹದಲ್ಲಿರುವುದು. ಸಮವಯಸ್ಕರಾದ ಸಾವಿರಾರು ಜನರು ಒಂದೇ ಅಡಿಗೆಯನ್ನುಂಡು ಒಂದೇ ಸೂರಿನಡಿಯಲ್ಲಿ ಮಲಗುವರು.

ಇದಕ್ಕೆ ವಿರುದ್ಧವಾದ ನಿದರ್ಶನವು ಕನ್ನಡನಾಡಿನಲ್ಲಿಯೇ ಉಂಟು. ೧೮೯೮ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ, ಹಾಫ್‌ಕಿನ್ ಎಂಬ ವಿಜ್ಞಾನಿಯ ಚುಚ್ಚುಮದ್ದನ್ನು ಕ್ಯಾಪ್ಟನ್ ಲಾಯ್ಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಅಲ್ಲಿನ ಸಹಸ್ರಾರು ನಿವಾಸಿಗಳಿಗೆ ಹಾಕಲಾಯಿತು. ಆದರೆ ಪ್ಲೇಗಿನ ಊರಿನಲ್ಲಿ ಜನರು ನಿಂತ ಕಡೆ ನಿಲ್ಲುವವರಲ್ಲ. ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುವವರು, ನೆಂಟರ ಊರಿಗೆ ಹೋಗುವವರು, ವಾರವಾರವೂ ಹೊಸದಾಗಿ ಚುಚ್ಚಿಸಿಕೊಳ್ಳುವವರು, ಹೀಗೆ ಎರಡು ಪಂಗಡಗಳ ಗಾತ್ರವೂ ದಿನೇದಿನೇ ಬದಲಾಗುವುದು. ಮದ್ದಿನಿಂದ ಪ್ರಯೋಜನವಾಯಿತೆಂಬುದನ್ನು ಹೇಳುವುದು ಸಾಧ್ಯ. ಎಷ್ಟು ಪ್ರಯೋಜನವಾಯಿತೆಂಬುದನ್ನು ಅಂಥ ಊರಿನಲ್ಲಿ ನಿಖರವಾಗಿ ಹೇಳುವುದು ಕಷ್ಟ.

ದಂಡಿನಲ್ಲಿಯೂ ಒಂದು ಮೋಸವಿತ್ತು. ಆಲ್ಮ್‌ರಾತ್ ರೈಟ್ ಎಂಬಾತನು ವಿಷಮಶೀತಜ್ವರಕ್ಕೆ ಸಿದ್ಧಪಡಿಸಿದ ಲಸಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೂ ದಕ್ಷಿಣ ಆಫ್ರಿಕದ ಯುದ್ಧಕ್ಕೆ ಹೊರಟವರಿಗೂ ಹಾಕಲಾಯಿತು. ಬಂದ ಅಂಕಿಗಳನ್ನು ೧೯೦೪ರಲ್ಲಿ ಪರೀಕ್ಷಿಸಿದ ಗಣಿತಜ್ಞ ಕಾರ್ಲ್ ಪಿಯರ್ಸನ್ನನಿಗೆ ತೃಪ್ತಿಯಾಗಲಿಲ್ಲ. ಒಂದೊಂದು ದಂಡಿನ ಫಲವು ಒಂದೊಂದು ಬಗೆಯಾಗಿತ್ತು. ಅದಕ್ಕಿಂತಲೂ ಮಿಗಿಲಾಗಿ, ಲಸಿಕೆ ಹಾಕಿಸಿಕೊಂಡವರು ತಾವಾಗಿ ಮುಂದೆ ಬಂದವರು. ರೋಗದ ಭಯವುಳ್ಳವನು ನೀರನ್ನು ಕಾಯಿಸಿ ಕುಡಿಯುವುದರಲ್ಲಿಯೂ ಎಚ್ಚರಿಕೆಯುಳ್ಳವನೇ ಆಗಿರಬಹುದು. ಹಾಗಾದರೆ ಅವನನ್ನು ಕಾಯ್ದದ್ದು ಲಸಿಕೆಯೋ ಎಚ್ಚರಿಕೆಯೋ? ಇದಕ್ಕೆ ಪಿಯರ್ಸನ್ ಸೂಚಿಸಿದ ಉಪಾಯವು ಸರಳವೂ ಗಂಭೀರವೂ ಆದದ್ದು: ಲಸಿಕೆ ಬೇಕೆಂದು ಬಂದವರ ಹೆಸರುಗಳನ್ನು ಬರೆದುಕೊಂಡು, ಅವರಲ್ಲಿ ಒಬ್ಬನನ್ನು ಬಿಟ್ಟು ಒಬ್ಬನಿಗೆ ಹಾಕಬೇಕು. ಆಗ ಎರಡು ಪಂಗಡಗಳಲ್ಲಿಯೂ ಎಚ್ಚರಿಕೆಯು ಒಂದೇ ಸಮವಾಗಿರುವುದು.

ಆ ಉಪಾಯವು ಕೂಡಲೇ ಆಚರಣೆಗೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಸೈನ್ಯವೈದ್ಯಾಧಿಕಾರಿಯಾದ ವಿಲಿಯಂ ಲೀಶ್‌ಮನ್ ಮೊದಲಾದವರು ಸಾಗರಾಂತರದ ಸೇವೆಯಲ್ಲಿದ್ದ ೧೯,೩೧೪ ಸೈನಿಕರ ಲೆಕ್ಕವನ್ನಿಟ್ಟರು. ಲಸಿಕೆ ಪಡೆದ ೧೦,೩೭೮ ಮಂದಿಯಲ್ಲಿ ಸಾವಿರಕ್ಕೆ ೫.೩೯ರಂತೆಯೂ, ಪಡೆಯದವರಲ್ಲಿ ಸಾವಿರಕ್ಕೆ ೩೦.೪ರಂತೆಯೂ ರೋಗವು ಕಂಡುಬಂದಿತು. ಸೂತ್ರದಂತೆ ಇದು ಶೇಕಡ ೮೨ರಷ್ಟು ರಕ್ಷಣೆ. ಅಂತರವು ಇಷ್ಟು ದೊಡ್ಡದಾಗಿದ್ದುದರಿಂದ ಸಂದೇಹಕ್ಕೆ ಎಡೆಯು ಕಡಿಮೆಯಾಯಿತು.

೩

ಸಣ್ಣ ಅಂತರದ ಲಸಿಕೆಗೆ ಮಾತ್ರ ಪಿಯರ್ಸನ್ನನ ಉಪಾಯವಲ್ಲದೆ ಗತ್ಯಂತರವಿಲ್ಲವೆಂಬುದು ಇನ್‌ಫ್ಲೂಯೆಂಜಾ ರೋಗದಿಂದ ಸಿದ್ಧವಾಯಿತು. ೧೯೧೮ರಲ್ಲಿ ಜಗತ್ತನ್ನೆಲ್ಲ ಆವರಿಸಿದ ಈ ಜ್ವರವು ಭಾರತದಲ್ಲಿಯೇ ಒಂದು ಕೋಟಿಗೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಆಗ ತರಾತುರಿಯಿಂದ ತಯಾರಾದ ಲಸಿಕೆಗಳಲ್ಲಿ ಇದ್ದದ್ದು ಬ್ಯಾಕ್ಟೀರಿಯಗಳು. ರೋಗಕ್ಕೆ ಕಾರಣವಾದದ್ದು ವೈರಸ್. ಆದರೂ ಅವು ಫಲಿಸಿದುವೆಂಬ ವರದಿಗಳಿಗೆ ಕೊರತೆಯಿರಲಿಲ್ಲ. ರೋಗದ ಅಲೆಯು ಏರಿ ಇಳಿಯುತ್ತಿದ್ದಾಗ ಲಸಿಕೆ ಹಾಕಿದರೆ, ಅದಕ್ಕೆ ಮೊದಲೇ ರೋಗಬಿದ್ದವರೆಲ್ಲರೂ ಲಸಿಕೆಯಿಲ್ಲದವರ ಲೆಕ್ಕಕ್ಕೆ ಸೇರುವರು. ಉಳಿದವರು ಲಸಿಕೆಯಿಂದ ಉಳಿದಂತೆ ತೋರುವರು. ನೀರನ್ನು ಚುಚ್ಚಿದ್ದರೂ ಆ ಲೆಕ್ಕದಲ್ಲಿ ಫಲವು ಕಾಣುತ್ತಿತ್ತು.

ಇನ್‌ಫ್ಲೂಯೆಂಜಾದ ವೈರಸ್ ಮನುಷ್ಯರಿಂದ ಬೇರ್ಪಟ್ಟದ್ದು ೧೯೩೩ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವು ಥಾಮಸ್ ಫ್ರಾನ್ಸಿಸ್ ಎಂಬಾತನ ನೇತೃತ್ವದಲ್ಲಿ ಒಂದು ಆಯೋಗವನ್ನು ನೇಮಿಸಿತು. ೧೯೪೩ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ತರಬೇತಿಯಲ್ಲಿದ್ದ ಸೈನಿಕರಲ್ಲಿ, ಒಬ್ಬನನ್ನು ಬಿಟ್ಟು ಒಬ್ಬನಿಗೆಂಬ ಕ್ರಮದಿಂದ, ೬,೨೬೩ ಮಂದಿಗೆ ಲಸಿಕೆಯನ್ನೂ ೬,೨೧೧ ಮಂದಿಗೆ ಲಸಿಕೆಯಿಲ್ಲದ ದ್ರವವನ್ನೂ ಕೊಟ್ಟರು. ಲಸಿಕೆ ಪಡೆದವರಲ್ಲಿ ಶೇಕಡ ೨.೨೨, ಪಡೆಯದವರಲ್ಲಿ ಶೇಕಡ ೭.೧೧ ಮಂದಿ ರೋಗಬಿದ್ದರು. ಶೇಕಡ ೬೯ರಷ್ಟು ರಕ್ಷಣೆಯೆಂಬುದು ಹೀಗೆ ನಿಸ್ಸಂದೇಹವಾಗಿ ನಿಂತಿತು.

ಆದರೆ ನಿಂತದ್ದು ನಾಲ್ಕೇ ವರ್ಷ. ೧೯೪೭ರಲ್ಲಿ ಅದೇ ವಿದ್ವಾಂಸರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲೆಕ್ಕ ಹಾಕಿದಾಗ, ಲಸಿಕೆ ಪಡೆದ ೧೦,೩೨೮ ಮಂದಿಯಲ್ಲಿ ಶೇಕಡ ೭.೧೯, ಪಡೆಯದ ೭,೬೧೫ ಮಂದಿಯಲ್ಲಿ ಶೇಕಡ ೮.೦೯ ಮಂದಿಗೆ ರೋಗ ಬಂದಿತ್ತು. ವೈರಸ್ಸು ತನ್ನ ರೂಪವನ್ನು ಬದಲಾಯಿಸಿತ್ತು. ಲಸಿಕೆಯು ಹಳೆಯ ರೂಪಕ್ಕೆ ತಕ್ಕದ್ದಾಗಿತ್ತು. ೧೯೪೩ರ ಅಂಕಿಯು ಸುಳ್ಳಲ್ಲ. ಅದು ೧೯೪೩ರ ವೈರಸ್ಸಿಗೂ ೧೯೪೩ರ ಲಸಿಕೆಗೂ ಸಂಬಂಧಿಸಿದ ಸತ್ಯ. ಕಾಲವನ್ನೂ ಸ್ಥಳವನ್ನೂ ಹೇಳುವ ಭಾಗವು ಮುರಿದುಹೋದ ಶಾಸನವನ್ನು ಓದುವವನಿಗೆ ಎಂಥ ಎಚ್ಚರಿಕೆ ಬೇಕೋ, ವರ್ಷವನ್ನು ಹೇಳದ ಶೇಕಡಾಂಕವನ್ನು ಓದುವವನಿಗೂ ಅಂಥ ಎಚ್ಚರಿಕೆಯೇ ಬೇಕು.

ಮುಂದೆ ದಂಡಿನ ಅನುಕೂಲವೇ ಪ್ರತಿಕೂಲವಾಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಸೈನ್ಯದಲ್ಲಿ ಬಹುಮಟ್ಟಿಗೆ ಎಲ್ಲರಿಗೂ ವರ್ಷವರ್ಷವೂ ಈ ಲಸಿಕೆಯನ್ನು ಹಾಕುತ್ತಿದ್ದುದರಿಂದ, ಹೋಲಿಸುವುದಕ್ಕೆ ಲಸಿಕೆಯಿಲ್ಲದವರೇ ವಿರಳರಾದರು. ಆಗ ಬಳಕೆಗೆ ಬಂದ ಕ್ರಮವೆಂದರೆ, ಜ್ವರವೆಂದು ಆಸ್ಪತ್ರೆಗೆ ಬಂದವರನ್ನೆಲ್ಲ ಪರೀಕ್ಷಿಸಿ, ಇನ್‌ಫ್ಲೂಯೆಂಜಾ ಕಂಡವರಲ್ಲಿ ಎಷ್ಟು ಮಂದಿ ಲಸಿಕೆ ಪಡೆದವರು, ಕಾಣದವರಲ್ಲಿ ಎಷ್ಟು ಮಂದಿ ಪಡೆದವರು ಎಂದು ಹೋಲಿಸುವುದು. ಹಾಜರಿಪಟ್ಟಿಯಿಲ್ಲದ ಊರುಗಳಿಗೂ ಈ ಕ್ರಮವು ಸಲ್ಲುವುದು. ಆದರೆ ಪರೀಕ್ಷಾಲಯವು ಹತ್ತಿರವಿರಬೇಕು, ಲಸಿಕೆಯ ದಾಖಲೆಯು ನಂಬತಕ್ಕದ್ದಾಗಿರಬೇಕು.

೪

ಈ ಹಿನ್ನೆಲೆಯಲ್ಲಿ ಕ್ಯಾಸನೂರು ಕಾಡಿನ ರೋಗದ ಲಸಿಕೆಯ ಚರಿತ್ರೆಯನ್ನು ನೋಡಿದರೆ ಅದರ ತೊಡಕುಗಳು ತಾವಾಗಿ ಬಿಡಿಸಿಕೊಳ್ಳುವುವು. ಇದರ ಮೊದಲ ಪ್ರಯೋಗಕ್ಕೂ ದಂಡಿಗೂ ಸಂಬಂಧವುಂಟು. ಈ ವೈರಸ್ಸು ರಷ್ಯದ ಕಾಡುಗಳಲ್ಲಿ ವಸಂತದಿಂದ ಬೇಸಗೆಯವರೆಗೆ ಕಾಣುವ ಮಿದುಳುಜ್ವರದ ವೈರಸ್ಸಿಗೆ ಜ್ಞಾತಿಯಾದುದರಿಂದ, ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನಾಲಯವು ಆ ಜ್ವರಕ್ಕೆಂದು ಇಲಿಯ ಮಿದುಳಿನಲ್ಲಿ ಸಿದ್ಧಗೊಳಿಸಿದ್ದ ಲಸಿಕೆಯನ್ನು ೧೯೫೮-೫೯ರಲ್ಲಿ ಮಲೆನಾಡಿನಲ್ಲಿ ಪ್ರಯೋಗಿಸಿದರು. ಅದರಿಂದ ರಕ್ತದಲ್ಲಿ ತಕ್ಕ ಪ್ರತಿರೋಧವೂ ಹುಟ್ಟಲಿಲ್ಲ, ರೋಗವೂ ಕಡಿಮೆಯಾಗಲಿಲ್ಲ. ಜ್ಞಾತಿತ್ವವು ಸಾಲದೆಂಬುದು ಖಚಿತವಾದ ಮೇಲೆ, ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯು ಪುಣೆಯಲ್ಲಿ ರೂಪುಗೊಂಡಿತು.

ಬೆಳ್ತಂಗಡಿಯ ಅನಾಹುತವು ಕಳೆದ ಕೆಲವು ವರ್ಷಗಳಿಗೆ, ೧೯೯೦ರಿಂದ ೧೯೯೨ರವರೆಗೆ, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಆ ಲಸಿಕೆಯ ಕ್ಷೇತ್ರಪರೀಕ್ಷೆ ನಡೆಯಿತು. ದಾಂಡವತೆ ಮೊದಲಾದ ವಿದ್ವಾಂಸರು ೧೯೯೪ರಲ್ಲಿ ಪ್ರಕಟಿಸಿದಂತೆ, ಒಂದು ಸಲ ಹಾಕಿಸಿಕೊಂಡವರಲ್ಲಿ ರಕ್ಷಣೆಯು ಶೇಕಡ ೭೯.೩, ಎರಡು ಸಲ ಹಾಕಿಸಿಕೊಂಡವರಲ್ಲಿ ಶೇಕಡ ೯೩.೫. ಆ ಬಳಿಕ ೨೦೦೫ರಿಂದ ೨೦೧೦ರವರೆಗಿನ ಲೆಕ್ಕವನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲದ ಲಸಿಕೆಯಿಂದ ರಕ್ಷಣೆಯೇ ಕಂಡುಬರಲಿಲ್ಲ. ಎರಡು ಸಲದವರಿಗೆ ಶೇಕಡ ೬೨.೪, ಅದರ ಮೇಲೆ ಬಲವರ್ಧಕವನ್ನೂ ಪಡೆದವರಿಗೆ ಶೇಕಡ ೮೨.೯. ೬೨.೪ ಎಂಬುದು ಕೂಡ ಒಂದು ಬಿಂದುವಲ್ಲ. ನಿಜವಾದ ಬೆಲೆಯು ೨೬ರಿಂದ ೮೧ರವರೆಗೆ ಎಲ್ಲಿಯಾದರೂ ಇರಬಹುದೆಂದು ಗಣಿತವು ಹೇಳಿತು.

ಈ ಇಳಿತವನ್ನು ಓದುವುದು ಹೇಗೆ? ಇನ್‌ಫ್ಲೂಯೆಂಜಾದಲ್ಲಿ ಬದಲಾದದ್ದು ವೈರಸ್. ಇಲ್ಲಿಯಾದರೋ ಮೊದಲು ಶಂಕಿಸಬೇಕಾದದ್ದು ಲಸಿಕೆಯ ಸತ್ತ್ವವನ್ನೂ ಲೆಕ್ಕದ ಆಧಾರವನ್ನೂ. ಎರಡು ಚುಚ್ಚುಗಳ ನಡುವೆ ಒಂದು ತಿಂಗಳು, ಆರರಿಂದ ಒಂಬತ್ತು ತಿಂಗಳಲ್ಲಿ ಬಲವರ್ಧಕ, ಅನಂತರ ವರ್ಷಕ್ಕೊಂದು. ಚುಚ್ಚಿದ ಜಾಗದ ನೋವಿಗೆ ಅಂಜಿ ಎರಡನೆಯ ಸಲ ಬಾರದವರು ಅನೇಕರು. ಸಿಪಾಯಿಯಂತೆ ಅವರನ್ನು ಸಾಲಾಗಿ ನಿಲ್ಲಿಸುವ ಅಧಿಕಾರವು ಯಾರಿಗೂ ಇಲ್ಲ, ಇರತಕ್ಕದ್ದೂ ಅಲ್ಲ. ಇದಲ್ಲದೆ, ಪಿಯರ್ಸನ್ನನ ಶಂಕೆಯು ಇಲ್ಲಿ ತಲೆಕೆಳಗಾಗಿ ನಿಲ್ಲುವುದು. ದಂಡಿನಲ್ಲಿ ಲಸಿಕೆಗೆ ಮುಂದಾದವನು ಅಪಾಯದಿಂದ ದೂರವಿರುವವನಾಗಿರಬಹುದು. ಮಲೆನಾಡಿನಲ್ಲಿ ಲಸಿಕೆಗೆ ಮುಂದಾಗುವವನು ದಿನವೂ ಸೊಪ್ಪಿಗೂ ಸೌದೆಗೂ ಕಾಡಿಗೆ ಹೋಗುವವನೇ ಆಗಿರಬಹುದು. ಅಂಥವನನ್ನು ಮನೆಯಲ್ಲಿಯೇ ಉಳಿದವನೊಡನೆ ಹೋಲಿಸಿದರೆ, ಒಳ್ಳೆಯ ಲಸಿಕೆಯೂ ದುರ್ಬಲವಾಗಿ ತೋರುವುದು. ಯಾರು ಕಾಡಿಗೆ ಹೋದರು, ಎಷ್ಟು ದಿನ ಹೋದರು ಎಂಬುದನ್ನು ಬರೆದಿಡುವ ಪಟ್ಟಿಯಿಲ್ಲದೆ ಈ ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ.

ಸತ್ತ್ವದ ವಿಷಯದಲ್ಲಿ ಮಾತ್ರ ಉತ್ತರವು ದೊರೆಯಿತು. ಲಸಿಕೆಯ ತಂಡಗಳು ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಇರಬೇಕಾದಷ್ಟು ಸತ್ತ್ವವನ್ನು ತೋರಲಿಲ್ಲವೆಂದು ಗೊತ್ತಾಗಿ, ೨೦೨೨ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹಾಗಾದರೆ, ಶೇಕಡ ೯೩ರ ಪ್ರಸಿದ್ಧಿಯನ್ನು ನಂಬಿ ತೋಳನ್ನೊಡ್ಡಿದ ಕೂಲಿಯವರು ವರ್ಷಗಟ್ಟಲೆ ಪಡೆದದ್ದು ಆ ಹೆಸರಿನ ಲಸಿಕೆಯನ್ನು. ಆ ಅಂಕಿಯ ಲಸಿಕೆಯನ್ನಲ್ಲ.

೫

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಲಸಿಕೆಯ ಬಲವೆಂಬುದು ಚಿನ್ನದ ತೂಕದಂತೆ ವಸ್ತುವಿನೊಳಗೇ ಇರುವ ಗುಣವಲ್ಲ. ಲಸಿಕೆ, ರೋಗ, ಜನ, ಕಾಲ ಈ ನಾಲ್ಕರ ಸಂಬಂಧದಿಂದ ಹುಟ್ಟುವ ಬೆಲೆ. ನಾಲ್ಕರಲ್ಲಿ ಒಂದು ಬದಲಾದರೂ ಮತ್ತೆ ಅಳೆಯಬೇಕು. ಸೈನ್ಯಗಳು ಈ ಪಾಠವನ್ನು ೧೯೪೭ರಲ್ಲಿಯೇ ಕಲಿತು, ಇನ್‌ಫ್ಲೂಯೆಂಜಾದ ಲಸಿಕೆಯನ್ನು ವರ್ಷವರ್ಷವೂ ಪರೀಕ್ಷಿಸುವ ಕ್ರಮಕ್ಕೆ ಬಂದುವು. ಮಲೆನಾಡಿನ ಲಸಿಕೆಗೆ ಆ ಭಾಗ್ಯವು ಒದಗಲಿಲ್ಲ; ಎರಡು ದೊಡ್ಡ ಅಳತೆಗಳ ನಡುವೆ ಹದಿಮೂರು ವರ್ಷಗಳ ಅಂತರವುಂಟು.

ಲಸಿಕೆಯಿಲ್ಲದ ಈ ಅವಧಿಯಲ್ಲಿ ಕಾಡಿಗೆ ಹೋಗುವವರ ಕೈಗೆ ಸಿಕ್ಕಿರುವುದು ಮೈಗೆ ಹಚ್ಚಿಕೊಳ್ಳುವ ಡೀಪಾ ತೈಲ. ಅದು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ದಂಡಿನ ಮದ್ದು ಹೀಗೆ ಕಾಡಿಗೆ ಬಂದಿದೆ. ದಂಡಿನ ಪಟ್ಟಿಯು ಇನ್ನೂ ಬರಬೇಕಾಗಿದೆ. ಹೊಸ ಲಸಿಕೆಯೊಂದನ್ನು ಸಿದ್ಧಗೊಳಿಸುವ ಪ್ರಯತ್ನವು ಆರಂಭವಾಗಿರುವುದರಿಂದ, ಇದಕ್ಕೆ ತಕ್ಕ ಕಾಲವೂ ಇದೇ. ಲಸಿಕೆಯು ಬೆಳ್ತಂಗಡಿಯ ಗ್ರಾಮಗಳನ್ನು ಮುಟ್ಟುವ ಮೊದಲೇ, ಯಾರು ಕಾಡಿಗೆ ಹೋಗುವವರು, ಯಾರಿಗೆ ಯಾವ ತಂಡದ ಲಸಿಕೆ ಎಷ್ಟು ಸಲ ಸಂದಿತು, ಜ್ವರ ಬಂದವರಲ್ಲಿ ಯಾರ ರಕ್ತವು ಏನು ಹೇಳಿತು ಎಂಬಿಷ್ಟನ್ನು ಮನೆಮನೆಯ ಲೆಕ್ಕವಾಗಿ ಇಡುವ ಏರ್ಪಾಡು ಆದರೆ, ೧೯೮೩ರಲ್ಲಿ ಮಡಿದವರ ಊರಿನವರಿಗೆ ಮುಂದೆ ಹೇಳುವ ಅಂಕಿಯು ಅವರದೇ ಅಂಕಿಯಾಗುವುದು.