ಬಟ್ಟೆ ಬದಲಿಸುವ ಕೋಣೆ

ವಿಂಬಲ್ಡನ್ ಎಂದೊಡನೆ ಹಸಿರು ಹುಲ್ಲು, ಗೆದ್ದವಳ ಕೈಯ ಬೆಳ್ಳಿ ತಟ್ಟೆ ಕಣ್ಣಿಗೆ ಬರುತ್ತವೆ. ಅವಳ ಕಾಲೇಜಿನ ಫೀಸು ಯಾರು ಕಟ್ಟಿದರೆಂದು ನಾವು ಕೇಳುವುದಿಲ್ಲ.

1961ರಲ್ಲಿ ಅಮೆರಿಕದ ಬಿಲ್ಲಿ ಜೀನ್ (ಮುಂದೆ ಬಿಲ್ಲಿ ಜೀನ್ ಕಿಂಗ್ ಎಂದು ಹೆಸರಾದವಳು) ಹದಿನೇಳಕ್ಕೇ ವಿಂಬಲ್ಡನ್ ಡಬಲ್ಸ್ ಗೆದ್ದು ಬಂದು ಲಾಸ್ ಏಂಜಲೀಸ್ ಸ್ಟೇಟ್ ಕಾಲೇಜು ಸೇರಿದಳು. ವಿದ್ಯಾರ್ಥಿವೇತನವಿಲ್ಲ. ಸಣ್ಣಪುಟ್ಟ ಕೆಲಸ ಮಾಡಿಕೊಂಡೇ ಓದು, ಆಟ. ಅದೇ ಊರಿನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದಲ್ಲಿ ಆರ್ಥರ್ ಆಶ್ ಟೆನಿಸ್ ವಿದ್ಯಾರ್ಥಿವೇತನದಲ್ಲಿ ಓದುತ್ತಿದ್ದ. ಆತನ ದಾರಿಯೂ ಹೂವಿನದಲ್ಲ. ಕಪ್ಪು ಹುಡುಗನೆಂದು ಹುಟ್ಟೂರಿನಲ್ಲಿ ಬಿಳಿಯರ ಅಂಕಣಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಒಂದು ವಿಶ್ವವಿದ್ಯಾಲಯ ಅವನ ಖರ್ಚು ಹೊತ್ತಿತು. ಇವಳದನ್ನು ಹೊರುವವರಿರಲಿಲ್ಲ.

1972ರಲ್ಲಿ 'ಟೈಟಲ್ ನೈನ್' ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡೆಂದು ಭೇದ ಮಾಡಕೂಡದು. ಮುಖ್ಯ ವಾಕ್ಯ 37 ಪದ. ಆಟದ ಮಾತೇ ಅದರಲ್ಲಿಲ್ಲ. ಅದು ಬಿಡಿಸಿ ಹೇಳಿದ್ದು 1975ರ ನಿಯಮಗಳಲ್ಲಿ: ಸಲಕರಣೆ, ಅಭ್ಯಾಸದ ವೇಳೆ, ಪ್ರಯಾಣ ಭತ್ಯೆ, ತರಬೇತುದಾರರು, ಅಂಕಣ, ವೈದ್ಯರ ನೆರವು, ಬಟ್ಟೆ ಬದಲಿಸುವ ಕೋಣೆ.

ಕೋಣೆ ಎಂಬಲ್ಲಿ ನನ್ನ ಕಣ್ಣು ನಿಂತಿತು. ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಥ್ರೋಬಾಲ್ ಹುಡುಗಿಯರು ಭೂಪಟಗಳನ್ನಿಡುವ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದರು. ಚಿಲಕವಿಲ್ಲದ ಬಾಗಿಲಿಗೆ ನಾನೇ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಆ ಸಂಕೋಚಕ್ಕೇ ಆಟ ಬಿಟ್ಟವರುಂಟು.

ಅಮೆರಿಕದಲ್ಲೂ ಕಾನೂನು ಬಂದ ಮರುದಿನವೇ ಎಲ್ಲ ಕೈಗೆ ಬರಲಿಲ್ಲ. ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್.ಸಿ.ಎ.ಎ. ಹೆಣ್ಣುಮಕ್ಕಳ ಟೆನಿಸ್ ಪಂದ್ಯಾವಳಿ ಆರಂಭಿಸಿದ್ದು 1982ರಲ್ಲಿ. ಮೊದಲ ತಂಡ ಪ್ರಶಸ್ತಿ ಸ್ಟ್ಯಾನ್‌ಫರ್ಡ್ ಹುಡುಗಿಯರಿಗೆ. ಅದೇ ವರ್ಷ ಮೂವತ್ತೆಂಟರ ಬಿಲ್ಲಿ ಜೀನ್ ವಿಂಬಲ್ಡನ್‌ನ ಸೆಮಿಫೈನಲ್ ಆಡಿದಳು.