ಸವೆತ: ಯಾರನ್ನೂ ತೆಗೆಯದೆ ನೌಕರರನ್ನು ಕಡಿಮೆ ಮಾಡುವ ಬಗೆ

‘ಅಟ್ರಿಶನ್’ ಎಂಬ ಇಂಗ್ಲಿಷ್ ಶಬ್ದದ ಮೂಲ ಲ್ಯಾಟಿನ್. ಉಜ್ಜುವುದು, ತೇಯುವುದು ಎಂದು ಅದರ ಅರ್ಥ. ಕನ್ನಡದಲ್ಲಿ ‘ಸವೆತ’ ಎನ್ನಬಹುದು. ಹಲ್ಲಿಗೆ ಹಲ್ಲು ಉಜ್ಜಿ ಸವೆಯುವುದನ್ನು ದಂತವೈದ್ಯರು ಹೀಗೆ ಕರೆಯುತ್ತಾರೆ. ಎದುರಾಳಿಯ ಬಲವನ್ನು ದಿನದಿಂದ ದಿನಕ್ಕೆ ಕುಂದಿಸುವ ಯುದ್ಧಕ್ಕೂ ಇದೇ ಹೆಸರು. 1916ರ ವರ್ಡನ್ ಕದನ ಅದಕ್ಕೆ ಪ್ರಸಿದ್ಧ ಉದಾಹರಣೆ.

ಉದ್ಯೋಗದ ಮಾತಿನಲ್ಲಿ ಈ ಶಬ್ದಕ್ಕೆ ಎರಡು ಮುಖ. ತರಬೇತಿ ಪಡೆದ ನೌಕರರು ತಾವಾಗಿಯೇ ಬಿಟ್ಟುಹೋಗುವುದು ಒಂದು. ಸಾಫ್ಟ್‌ವೇರ್ ಕಂಪನಿಗಳಿಗೆ ಅದು ತಲೆನೋವು. ನಿವೃತ್ತರಾದವರ, ರಾಜೀನಾಮೆ ಕೊಟ್ಟವರ, ತೀರಿಕೊಂಡವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಸಿಬ್ಬಂದಿ ತಗ್ಗಿಸುವುದು ಇನ್ನೊಂದು. ಅದು ಆಡಳಿತದ ಉಪಾಯ. ಈ ಎರಡನೆಯ ಬಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳನ್ನು ಮುಟ್ಟಿದ್ದು ಮುಖ್ಯವಾಗಿ ಬ್ಯಾಂಕುಗಳ ಮೂಲಕ.

ಈ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿದವು. 1931ರಲ್ಲಿ ಮಂಗಳೂರಿನಲ್ಲೇ ವಿಜಯಾ ಬ್ಯಾಂಕ್ ಆರಂಭವಾಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಮೊದಲ ಶಾಖೆ 1928ರಲ್ಲಿ ತೆರೆದದ್ದು ಬ್ರಹ್ಮಾವರದಲ್ಲಿ. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ಪಡೆಯುವ ಪಿಗ್ಮಿ ಠೇವಣಿ ಶುರುವಾದದ್ದೂ ಅದೇ ವರ್ಷ.

1969 ಮತ್ತು 1980ರಲ್ಲಿ ಈ ನಾಲ್ಕೂ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಶಾಖೆಗಳು ಹೆಚ್ಚಿದವು, ನೌಕರಿಗಳೂ ಹೆಚ್ಚಿದವು. 1974ರ ಭೂಸುಧಾರಣೆಯ ಬಳಿಕ ಗೇಣಿಯ ಅಕ್ಕಿ ನಿಂತ ಮನೆಗಳು ಮಕ್ಕಳ ಓದನ್ನು ನೆಚ್ಚಿದವು. ಭೂಮಿ ಸಿಕ್ಕಿದ ಒಕ್ಕಲು ಮನೆಗಳೂ ಮಕ್ಕಳನ್ನು ಶಾಲೆಗೆ ಕಳಿಸಿದವು. ಕುಂದಾಪುರದಲ್ಲಿ 1963ರಲ್ಲಿ ಭಂಡಾರ್‌ಕಾರ್ಸ್ ಕಾಲೇಜು ಬಂದಿತ್ತು. ಡಿಗ್ರಿ ಮುಗಿಸಿದವರಿಗೆ ಬ್ಯಾಂಕಿನ ಗುಮಾಸ್ತಗಿರಿ ದೊಡ್ಡ ಆಸೆ. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದ ನೌಕರಿಗಳಲ್ಲಿ ಅದೂ ಒಂದು.

ಗುಮಾಸ್ತರ ಕೆಲಸವೆಂದರೆ ಲೆಡ್ಜರ್ ಬರೆಯುವುದು, ಬಡ್ಡಿ ಲೆಕ್ಕ ಹಾಕುವುದು, ಸಂಜೆ ಲೆಕ್ಕ ತಾಳೆ ನೋಡುವುದು. ಕಂಪ್ಯೂಟರ್ ಕೈಹಾಕಿದ್ದು ಈ ಕೆಲಸಕ್ಕೇ. ನೌಕರ ಸಂಘಗಳು ವಿರೋಧಿಸಿದವು. 1983 ಮತ್ತು 1993ರ ಒಪ್ಪಂದಗಳ ಮೂಲಕ ಯಂತ್ರಗಳು ಹಂತಹಂತವಾಗಿ ಒಳಬಂದವು. ಕೆಲಸ ಕಡಿಮೆಯಾಯಿತು, ಕೆಲಸಗಾರರನ್ನು ತೆಗೆಯಲಿಲ್ಲ.

ತೆಗೆಯುವುದು ಸುಲಭವೂ ಇರಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ನೌಕರರನ್ನು ಕಡಿತ ಮಾಡುವುದಾದರೆ ಒಂದು ತಿಂಗಳ ನೋಟಿಸು, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದ ಪರಿಹಾರ ಕೊಡಬೇಕಿತ್ತು. ಆದರೆ ವಯೋನಿವೃತ್ತಿ, ಸ್ವಯಂನಿವೃತ್ತಿಗಳನ್ನು ಕಾಯ್ದೆ ‘ಕಡಿತ’ ಎಂದು ಎಣಿಸಲಿಲ್ಲ. ಸವೆತದ ದಾರಿ ತೆರೆದಿದ್ದು ಅಲ್ಲೇ.

2000–01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ದೇಶದ ಸರಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರಬಂದರು. 2001ರಲ್ಲೇ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳು ರದ್ದಾದವು. ಮುಂದೆ 2011ರಿಂದ ದೇಶಕ್ಕೆಲ್ಲ ಒಂದೇ ನೇಮಕಾತಿ ಪರೀಕ್ಷೆ ಬಂತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಸರಿಯಾಗಿ ಒಂದು ವರ್ಷದ ನಂತರ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ವಿಲೀನದಿಂದ ಯಾರ ಕೆಲಸವೂ ಹೋಗದು ಎಂದು ಕೇಂದ್ರ ಸರಕಾರ ಭರವಸೆ ಕೊಟ್ಟಿತ್ತು. ಆದರೆ ಒಂದೇ ಪೇಟೆಯ ಎರಡು ಶಾಖೆ ಒಂದಾದಲ್ಲಿ, ಎರಡು ಶಾಖೆಯ ಹುದ್ದೆಗಳು ಹಾಗೆಯೇ ಉಳಿಯುವುದಿಲ್ಲ.

ಸವೆತ ವಜಾಕ್ಕಿಂತ ಮಾನವೀಯ ಎಂಬುದರಲ್ಲಿ ಸಂಶಯವಿಲ್ಲ. ಕರಾವಳಿಯ ಹಂಚಿನ ಕಾರ್ಖಾನೆಗಳು ಮುಚ್ಚಿದಾಗ ಕೆಲಸದವರು ಒಟ್ಟಿಗೇ ಬೀದಿಗೆ ಬಂದರು. ಬ್ಯಾಂಕಿನವರು ಹಾರ ಹಾಕಿಸಿಕೊಂಡು, ಪಿಂಚಣಿ ಪಡೆದು ಮನೆಗೆ ಬಂದರು. ಆದರೂ ನಷ್ಟ ಇಲ್ಲವೆಂದಲ್ಲ. ಅದು ಮುಂದಿನ ತಲೆಮಾರಿಗೆ ದಾಟಿತು. ಅಪ್ಪ ಬಿಟ್ಟ ಕುರ್ಚಿಯಲ್ಲಿ ಮಗನೋ ನೆರೆಮನೆಯ ಹುಡುಗಿಯೋ ಕೂರಲಿಲ್ಲ. ಅವರು ಬೆಂಗಳೂರು, ಮುಂಬಯಿ, ಗಲ್ಫ್ ಕಡೆ ಹೊರಟರು. ಸಿಗದೆ ಹೋದ ಕೆಲಸಕ್ಕೆ ನೋಟಿಸಿಲ್ಲ, ಪರಿಹಾರವಿಲ್ಲ, ಮುಷ್ಕರ ಹೂಡಲು ಸಂಘವೂ ಇಲ್ಲ. ಎಷ್ಟು ಮಂದಿಯನ್ನು ತೆಗೆದರು ಎಂದು ಕೇಳಿದರೆ ಇಲ್ಲಿ ಸಿಗುವ ಉತ್ತರ ಸೊನ್ನೆ. ಎಷ್ಟು ಮಂದಿಯನ್ನು ತೆಗೆದುಕೊಳ್ಳಲಿಲ್ಲ ಎಂದು ಕೇಳಿದಾಗಲೇ ಸವೆತದ ಲೆಕ್ಕ ತಿಳಿಯುವುದು.